ಶ್ರಾವಣಕ್ಕೆ ಮೂವತ್ತು ಒಡಪ

ದರಿಬಡಚಿಯ ಮದುವೆಯೊಂದರಲ್ಲಿ ಮೂವರು ಹೆಂಗಸರು ಒಬ್ಬರ ಬೆನ್ನಿಗೊಬ್ಬರು ಒಂದೇ ಒಡಪ ಹೇಳಿದರು. ಅಲ್ಮಾಸಳ ಮೂವತ್ತು ದಿನದ ಪಾಡು ಶುರುವಾದದ್ದು ಅಲ್ಲಿಂದ. ಆ ಹೊತ್ತಿಗೆ ಅವಳು ಅಲ್ಲಿರಲೇ ಇಲ್ಲ. ತಿಕೋಂಡಿಯ ಮನೆಯಲ್ಲಿ ಕೂತು ಎರಡು ವರ್ಷದ ಮಗಳು ಯಾಸ್ಮಿನಳ ಬಾಯಿಂದ ಸೀಮೆಸುಣ್ಣದ ತುಂಡು ತೆಗೆಯುತ್ತಿದ್ದಳು.

ಅಲ್ಲಿದ್ದದ್ದು ಅವಳ ಅತ್ತೆ ದಾವಲಬಿ. ದಾವಲಬಿ ಬಳೆ ಮಾರುವವಳು, ಮೂವತ್ತೈದು ವರ್ಷದಿಂದ ಸುತ್ತಲಿನ ನಾಲ್ಕೂರ ಹೆಂಗಸರ ಮುಂಗೈ ಹಿಡಿದವಳು. ಯಾರ ಕೈಗೆ ಎಷ್ಟು ಅಳತೆಯ ಬಳೆ ಏರುತ್ತದೆ, ಯಾರ ಗೆಣ್ಣು ಗಟ್ಟಿ, ಯಾರು ಬಳೆ ಮುಟ್ಟುವ ಮೊದಲೇ ‘ಅಯ್ಯಯ್ಯೋ’ ಅನ್ನುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಮದುವೆಯಿರಲಿ, ಪಂಚಮಿಯಿರಲಿ, ಬಸುರಿಯ ಕುಬಸವಿರಲಿ, ಬಳೆ ಇಡಿಸಲು ದಾವಲಬಿ ಬೇಕು. ಬಳೆ ಇಡಿಸುತ್ತಾ ಕಿವಿಯಲ್ಲೊಂದು ಒಡಪ ಹೇಳಿಕೊಡಲೂ ಅವಳೇ ಬೇಕು. ಈ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಎರಡು ಸಾಲಿನ ಪ್ರಾಸದೊಳಗೆ ಸುತ್ತಿ, ನಾಲ್ಕು ಮಂದಿಯ ಮುಂದೆ ಸ್ವಲ್ಪ ನಾಚಿ, ಸ್ವಲ್ಪ ಮೆರೆದು ಹೇಳುತ್ತಾರೆ. ಮರಾಠಿಯವರು ಅದಕ್ಕೆ ಉಖಾಣಾ ಅನ್ನುತ್ತಾರೆ, ನಮ್ಮವರು ಒಡಪ.

ಆದರೆ ಈಗ ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಮೊಬೈಲಿನಲ್ಲೂ ಅವೇ ಹತ್ತು ಒಡಪ. ದರಿಬಡಚಿಯ ಮದುವೆಯಲ್ಲಿ ಮದುಮಗಳ ಅತ್ತಿಗೆ ಎದ್ದು ಬೆಳ್ಳಿ ತಾಟು, ಗುಲಾಬಿ ಹೂವು ಇರುವ ಒಂದನ್ನು ಹೇಳಿದಳು. ಚಪ್ಪಾಳೆ ಬಿತ್ತು. ಎರಡನೆಯವಳು ಎದ್ದಳು, ಅದೇ ತಾಟು, ಅದೇ ಗುಲಾಬಿ, ಗಂಡನ ಹೆಸರು ಮಾತ್ರ ಬೇರೆ. ಮೂರನೆಯವಳು ‘ಬೆಳ್ಳಿ’ ಅನ್ನುವಷ್ಟರಲ್ಲಿ ಇಡೀ ಮಂಟಪವೇ ‘ಗುಲಾಬಿ!’ ಎಂದು ಕೂಗಿತು. ಪಾಪ, ಆ ಹುಡುಗಿ ಸೆರಗು ಮುಖಕ್ಕೆ ಹಾಕಿಕೊಂಡು ಕೂತುಬಿಟ್ಟಳು.

“ಒಂದ ತಾಟಿನಾಗ ಮೂರ ಮಂದಿ ಗಂಡಸರನ್ನ ಉಣ್ಣಾಕ ಕುಂದ್ರಿಸಿದ್ರಲ್ಲೇ!” ಅಂದಳು ದಾವಲಬಿ.

ಎಲ್ಲರೂ ನಕ್ಕರು. ತಿಕೋಂಡಿಯ ಇಂದ್ರಾಬಾಯಿ ಮಾತ್ರ ನಗುವುದರ ಜೊತೆಗೆ ಚುಚ್ಚಿಯೂ ಚುಚ್ಚಿದಳು. “ಹಂಗಾದ್ರ ನೀನ ಹೊಸಾವು ಕೊಡ ಚಾಚಿ. ನಿನ್ನ ಪೆಟ್ಟಿಗ್ಯಾಗ ಇರೂವು ನಮ್ಮ ಅಜ್ಜಿ ಕಾಲದವು.”

ಹಾಗಂದದ್ದೇ ತಡ, ದಾವಲಬಿ ಎದ್ದು ನಿಂತಳು. “ನನ್ನ ಸೊಸಿ ಕೊಡತಾಳ. ಶ್ರಾವಣ ಪೂರ್ತಿ, ದಿನಕ್ಕೊಂದು. ಯಾರೂ ಕೇಳಿರಬಾರದು, ಯಾವ ಮೊಬೈಲಿನ್ಯಾಗೂ ಸಿಗಬಾರದು. ಒಂದ ದಿನ ತಪ್ಪಿದ್ರ ಈ ದಾವಲಬಿ ತಿಕೋಂಡ್ಯಾಗ ಮತ್ತ ಬಳಿ ಪೆಟ್ಟಿಗಿ ತಗ್ಯಾಂಗಿಲ್ಲ.”

ಸಂಜೆ ಮನೆಗೆ ಬಂದು ಕಾಲು ತೊಳೆದು ಚಹಾ ಕುಡಿದು, ಇನ್ನೊಂದರ್ಧ ಕಪ್ಪು ಹಾಕಿಸಿಕೊಂಡು, ಆಮೇಲೆ ಈ ಸುದ್ದಿ ಹೇಳಿದಳು. ಅಲ್ಮಾಸಳ ಕೈಯಲ್ಲಿದ್ದ ಚಹಾದ ಪಾತೇಲಿ ಅಲ್ಲೇ ನಿಂತಿತು.

“ಅಮ್ಮಾ! ಮೂವತ್ತ ದಿನ?”

“ನಿನಗ ಬರತಾವಲ್ಲ? ಹೋದ ವರ್ಷ ಮಾಸ್ತರ ಹೆಂಡ್ತಿ ಸುನಿತಾನ ಮನ್ಯಾಗ ನಿಂತ ನಿಂತಲ್ಲೇ ಹೇಳಿದ್ದಿ.”

“ಅದು ಬಾಯಿಗೆ ಬಂದಿತ್ತು, ಹೇಳಿದೆ. ದಿನಾ ಬರೀಬೇಕಂದ್ರ ಬರತಾವೇನು?”

ಅಲ್ಮಾಸಳ ಗಂಡ ಆಸೀಮ ಜತ್ತದಲ್ಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕೆಲಸದಿಂದ ಬಂದವನೇ ಕಥೆ ಕೇಳಿ ಗೋಡೆಗೆ ಒರಗಿ ನಕ್ಕ. ಅವನು ನಗಲು ಕಾರಣವಿತ್ತು. ಅಲ್ಮಾಸ ಕನ್ನಡ ಶಾಲೆಯಲ್ಲಿ ಓದಿದವಳು, ಬಾರಾವಿ, ಅಂದರೆ ಹನ್ನೆರಡನೆಯ ತರಗತಿ ಪಾಸಾದವಳು, ಬರೆಯಬೇಕೆಂಬ ಹುಚ್ಚು ಇದ್ದವಳು. ಮದುವೆಯಾಗಿ ಆರು ವರ್ಷದಲ್ಲಿ ನಾಲ್ಕು ಸಲ ನೋಟ್‌ಬುಕ್ ತರಿಸಿದ್ದಳು. ಮೊದಲ ದಿನ ಎರಡು ಪುಟ, ಎರಡನೇ ದಿನ ಒಂದು, ಮೂರನೇ ದಿನ ತಾರೀಖು ಮತ್ತು ಹವೆ. ನಾಲ್ಕನೇ ದಿನ ನೋಟ್‌ಬುಕ್ಕು ಕಪಾಟಿನ ಮೇಲೆ. ಉಳಿದ ಪುಟಗಳಲ್ಲಿ ಆಸೀಮ ಮೋಟಾರಿನ ತಂತಿ ಎಷ್ಟು ಸುತ್ತು ಅಂತ ಬರೆದುಕೊಳ್ಳುತ್ತಿದ್ದ.

“ಅಮ್ಮಾ, ನಾಕ ದಿನಕ್ಕ ಮಾತು ಕೊಡಬೇಕಾಗಿತ್ತು. ನಾಕ ದಿನ ಗ್ಯಾರಂಟಿ ಇತ್ತು,” ಅಂದ.

“ನೀವು ಸುಮ್ಮ ಕುಂದ್ರಿ,” ಅಂದಳು ಅಲ್ಮಾಸ. ಆದರೆ ಅವನು ಹೇಳಿದ್ದು ಸುಳ್ಳಲ್ಲವಲ್ಲ ಅನ್ನುವುದೇ ಅವಳಿಗೆ ಸಂಕಟ. ತನ್ನದೊಂದು ನೋಟ್‌ಬುಕ್ ನಾಲ್ಕನೇ ದಿನಕ್ಕೆ ನಿಂತರೆ ಯಾರಿಗೆ ಏನು? ಈಗ ನಿಂತರೆ ಅತ್ತೆಯ ಪೆಟ್ಟಿಗೆಯೂ ನಿಲ್ಲುತ್ತದೆ. ದಾವಲಬಿ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವಳಲ್ಲ. ಊರಿನ ಹೆಂಗಸರು ‘ಹೋಗಲಿ ಬಿಡ ಚಾಚಿ’ ಅಂದರೂ ಅವಳು ಬಿಡುವುದಿಲ್ಲ.

ಏರ್ಪಾಡು ಹೀಗಾಯಿತು: ಮರುದಿನ ಮನೆ ಮುಂದಿನ ಕಟ್ಟೆಗೆ ಬಂದು ಮೊದಲು ಬಳೆ ಇಡಿಸಿಕೊಳ್ಳುವವರು ಯಾರು ಎಂದು ದಾವಲಬಿ ಹಿಂದಿನ ಸಂಜೆಯೇ ಕೇಳಿಕೊಂಡು ಬರುವುದು. ಅವಳ ಗಂಡನ ಹೆಸರನ್ನು ಸೊಸೆಗೆ ಹೇಳುವುದು. ಸೊಸೆ ಬೆಳಿಗ್ಗೆ ಒಡಪ ಬರೆದು ಕೊಡುವುದು. ದಾವಲಬಿಗೆ ಓದು ಬರಹವಿಲ್ಲ. ಚೀಟಿಯನ್ನು ಬಳೆಗೆ ಸುತ್ತಿ ದಾರ ಕಟ್ಟಿ ಕೊಟ್ಟುಬಿಡುವುದು ಅವಳ ಕೆಲಸ.

ಮೊದಲ ದಿನ ಶಿದ್ರಾಯನ ಹೆಂಡತಿ. ಅಲ್ಮಾಸ ಉಮೇದಿನಲ್ಲಿ ಬರೆದಳು:

ಬಿಸಿ ರೊಟ್ಟಿಗೆ ಬೇಕು ಬೆಣ್ಣಿ, ತಂಗಳಕ್ಕ ಚಾಯ,
ಸಿಟ್ಟು ಬಂದ್ರೂ ಉಣ್ಣಾಕ ಬರತಾರ ನಮ್ಮ ಶಿದ್ರಾಯ.

“ಚಾಕ್ಕ ಚಾಯ ಯಾರ ಅಂತಾರ?” ಅಂದ ಆಸೀಮ.

“ಶಿದ್ರಾಯನ ಹೆಂಡ್ತಿ ಅಂತಾಳ, ಇವತ್ತಿನಿಂದ.”

ಎರಡನೇ ದಿನ ಮಲ್ಲಿನಾಥನ ಹೆಂಡತಿ. ‘ಎಮ್ಮಿ ಹಾಲು ಗಟ್ಟಿ, ಆಡಿನ ಹಾಲು ತಿಳಿ, ಮಲ್ಲಿನಾಥರು ಮನಿಗೆ ಬಂದ್ರ ನಗತಾವ ನನ್ನ ಬಳಿ’ ಎಂದು ಬಂತು. ಆ ಹೆಂಗಸು ಅದನ್ನು ಹಾಡಿಕೊಳ್ಳುತ್ತಲೇ ಬೀದಿ ದಾಟಿದಳಂತೆ. ಪಂಚಮಿಯ ಗದ್ದಲದಲ್ಲಿ ಮೂರು, ನಾಲ್ಕು, ಐದು ದಿನಗಳೂ ಹೇಗೋ ಓಡಿದವು.

ಆರನೇ ದಿನ ಏನೂ ಬರಲಿಲ್ಲ.

ಹೆಸರು ಮಹಾಂತ. ಚುಚ್ಚಿ ಮಾತಾಡಿದ ಅದೇ ಇಂದ್ರಾಬಾಯಿಯ ಗಂಡ. ಇವಳಿಗೆ ಕೊಡುವುದು ಎಲ್ಲಕ್ಕಿಂತ ಚೆನ್ನಾಗಿರಬೇಕು ಎಂದುಕೊಂಡದ್ದೇ ತಪ್ಪಾಯಿತೋ ಏನೋ, ಅಲ್ಮಾಸ ಮುಂದೆ ಹೊಸ ನೋಟ್‌ಬುಕ್ಕು ಇಟ್ಟುಕೊಂಡು ಕೂತರೆ ಗೆರೆ ಹಾಕಿದ ಬಿಳಿ ಪುಟ ಅವಳನ್ನೇ ನೋಡುತ್ತಿತ್ತು. ಒಂದು ಸಾಲು ಬರೆದಳು, ಹೊಡೆದು ಹಾಕಿದಳು. ಎದ್ದು ನೀರು ತುಂಬಿದಳು. ಮತ್ತೆ ಕೂತಳು. ಕಸ ಹೊಡೆದದ್ದೇ ಇತ್ತು, ಇನ್ನೊಮ್ಮೆ ಹೊಡೆದಳು. ಯಾಸ್ಮಿನಳ ತಲೆಗೆ ಎಣ್ಣೆ ಹಚ್ಚಿದಳು. ಕಡೆಗೆ ತೊಳೆದಿಟ್ಟ ಡಬ್ಬಿಗಳನ್ನು ಇಳಿಸಿ ಮತ್ತೆ ತೊಳೆಯಲು ಶುರುಮಾಡಿದಾಗ ದಾವಲಬಿಗೆ ಗೊತ್ತಾಯಿತು.

“ಏನ ಬೇಟಿ, ಡಬ್ಬಿ ಯಾಕ ತಿಕ್ಕಾಕತ್ತಿ?”

“ಬರವಲ್ದರೀ ಅಮ್ಮಾ.” ಅಲ್ಮಾಸಳ ದನಿ ಅಳುವಿಗೆ ಹತ್ತಿರವಿತ್ತು. “ಬಂದದ್ದು ಚಲೋ ಇಲ್ಲ. ಇಂದ್ರಾಬಾಯಿ ನಗತಾಳ.”

ದಾವಲಬಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ನೋಡು, ನಾ ದಿನಾ ಊಟಕ್ಕ ಮೊದಲ ಒಂದ ಕೈಗರೆ ಬಳಿ ಇಡತೀನಿ. ನೀ ನೋಡಿಯಲ್ಲ? ಗಿರಾಕಿ ಬರಲಿಲ್ಲಂದ್ರ ಓಣ್ಯಾಗ ಆಡೂ ಹುಡುಗೀನ ಹಿಡಕೊಂಡ ಬಂದು ಇಡತೀನಿ, ಪುಕ್ಕಟ. ಜ್ವರ ಬಂದಾಗೂ ಬಿಟ್ಟಿಲ್ಲ. ಬಿಟ್ರ ಬೆರಳಿಗೆ ಗೊತ್ತಾಗತೈತಿ, ಮನಸ್ಸಿಲ್ಲಂದ್ರ ಬಿಟ್ರೂ ನಡೀತೈತಿ ಅಂತ. ಬೆರಳಿಗೆ ಅದು ಗೊತ್ತಾಗಬಾರದು.”

“ಬಳಿ ಒಡದ್ರ?”

“ಒಡದ್ರ ಚೂರು ಆರಸಿ ಒಗೀತೀನಿ, ಇನ್ನೊಂದು ತಗೋತೀನಿ. ನೀ ಏನ ಒಂದ ಬಳಿ ಮುಂದಿಟ್ಟಕೊಂಡು ಬೆಳಗಿನಿಂದ ಅದಕ್ಕ ಪೂಜಿ ಮಾಡಾಕತ್ತಿ?”

ಹಾಗಂದು, ಬಳೆ ಸುತ್ತಿ ಬರುತ್ತದಲ್ಲ, ಆ ಗುಲಾಬಿ ಬಣ್ಣದ ತೆಳು ಕಾಗದದ ಒಂದು ತುಂಡು ಹರಿದು ಸೊಸೆಯ ಮುಂದೆ ಎಸೆದಳು. “ಇದರಾಗ ಬರಿ. ಹ್ಯಾಂಗೂ ಒಗಿಯೂ ಕಾಗದ ಇದು.”

ಒಗೆಯುವ ಕಾಗದವಾದ್ದರಿಂದಲೋ ಏನೋ ಕೈ ಓಡಿತು. ಅಲ್ಮಾಸ ಹಲ್ಲು ಕಚ್ಚಿಕೊಂಡು ಬರೆದಳು:

ಮುಗಿಲು ನೀಲಿ, ಎಲಿ ಹಸರ,
ಮಹಾಂತ ಅಂತ ನನ್ನ ಗಂಡನ ಹೆಸರ.

ಇಷ್ಟು ಪೆದ್ದು ಒಡಪವನ್ನು ಬಾಲವಾಡಿಯ ಮಗುವೂ ಬರೆದೀತು ಎಂದು ನಾಚಿಕೆಯಾಗಿ, ಇಂದ್ರಾಬಾಯಿ ಬಂದಾಗ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ನಿಂತು ಕಿವಿ ಕೊಟ್ಟಳು. ಕಟ್ಟೆಯ ಮೇಲೆ ಇಂದ್ರಾಬಾಯಿ ಚೀಟಿ ಬಿಚ್ಚಿ ಓದಿದಳು. ಆಮೇಲೆ ಬಿದ್ದು ಬಿದ್ದು ನಗುವ ಸದ್ದು.

“ಯವ್ವಾ ಚಾಚಿ! ಇಪ್ಪತ್ತ ವರ್ಷದಾಗ ನನಗ ಒಂದ ಒಡಪನೂ ನೆನಪ ಉಳಿದಿಲ್ಲ. ಮಂದಿ ಮುಂದ ನಿಂತ್ರ ಅರ್ಧಕ್ಕ ಮರೀತಿತ್ತು. ಇದು ನೋಡ, ಒಮ್ಮೆ ಓದಿದೆ, ತಲ್ಯಾಗ ಕುಂತ ಬಿಟ್ಟಿತು!”

ಅಲ್ಮಾಸ ಬಾಗಿಲ ಹಿಂದೆ ನಿಂತು ತಾನೂ ನಕ್ಕಳು. ತಾನು ಕೆಟ್ಟದ್ದು ಅಂದುಕೊಂಡದ್ದು ಇನ್ನೊಬ್ಬರ ಕೈಗೆ ಸರಿಯಾಗಿ ಏರಿತ್ತು. ಯಾವುದು ಚಲೋ, ಯಾವುದು ಅಲ್ಲ ಎಂದು ಒಲೆಯ ಮುಂದೆ ಕೂತು ತೀರ್ಪು ಕೊಡುವ ಕೆಲಸ ತನ್ನದಲ್ಲ ಅನಿಸಿತು.

ಅವತ್ತಿನಿಂದ ನೋಟ್‌ಬುಕ್ಕನ್ನು ಅವಳೇ ಆಸೀಮನಿಗೆ ಕೊಟ್ಟುಬಿಟ್ಟಳು. ತನಗೆ ಒಂದು ಮೋಟು ಪೆನ್ಸಿಲು, ಒಂದಿಷ್ಟು ಗುಲಾಬಿ ಕಾಗದ. ಹೊತ್ತನ್ನೂ ಗೊತ್ತು ಮಾಡಿಕೊಂಡಳು. ಮೊದಲೆಲ್ಲ ‘ಕೆಲಸ ಮುಗಿದ ಮೇಲೆ ಬರೀತೀನಿ’ ಅನ್ನುತ್ತಿದ್ದಳು. ಕೂಸಿರುವ ಮನೆಯಲ್ಲಿ ಕೆಲಸ ಎಂದು ಮುಗಿದೀತು? ಈಗ ಬೆಳಿಗ್ಗೆ ಜೋಳದ ಹಿಟ್ಟಿಗೆ ಎಸರಿನ ನೀರು ಒಲೆಯ ಮೇಲಿಟ್ಟು ಕೂಡುವುದು, ನೀರು ಕುದಿಯುವುದರೊಳಗೆ ಬರೆದು ಮುಗಿಸುವುದು. ಕುದಿ ಬಂತೆಂದರೆ ಎದ್ದುಬಿಡಬೇಕು, ಹಿಟ್ಟು ನಾದಬೇಕು. ಆಮೇಲೆ ಕೈಗೆ ಹಿಟ್ಟು, ಕಾಗದ ಮುಟ್ಟುವಂತಿಲ್ಲ, ತಿದ್ದುವ ಮಾತೇ ಇಲ್ಲ. ಬಂದದ್ದು ಬಂತು.

ಕೆಲವು ದಿನ ನೀರು ಬೆಚ್ಚಗಾಗುವಷ್ಟರಲ್ಲೇ ಎರಡೂ ಸಾಲು ಬರುತ್ತಿದ್ದವು. ಕೆಲವು ದಿನ ಗುಳ್ಳೆ ಏಳುತ್ತಿದ್ದರೂ ಒಂದೇ ಸಾಲು, ಎರಡನೆಯದನ್ನು ಕುದಿಯುವ ಪಾತ್ರೆಯ ಎದುರು ನಿಂತೇ ಎಳೆದು ತರಬೇಕು. ‘ಇವತ್ತ ಬ್ಯಾಡ, ನಾಳಿ ಎರಡು ಬರೀತೀನಿ’ ಎಂದು ಒಳಗಿನಿಂದ ಒಂದು ದನಿ ಹೇಳುತ್ತಲೇ ಇತ್ತು. ಅದು ದಿನಾ ಬರುವ ನೆಂಟ ಎಂದು ಅವಳಿಗೆ ಬರಬರುತ್ತಾ ತಿಳಿಯಿತು. ಬಂದರೆ ಬರಲಿ, ಕುಂದ್ರಲಿ, ಅದಕ್ಕಾಗಿ ಒಲೆ ಆರಿಸುವುದಿಲ್ಲ.

ಹದಿಮೂರನೆಯ ದಿನ ಯಾಸ್ಮಿನಳಿಗೆ ಜ್ವರ. ಬೆಳಗಿನ ಎಸ್ಟಿ ಬಸ್ಸಿಗೆ ಅಲ್ಮಾಸ ಕೂಸನ್ನು ಎತ್ತಿಕೊಂಡು ಜತ್ತದ ದವಾಖಾನೆಗೆ ಹೊರಟಳು. ಆಸೀಮನೂ ಜೊತೆಗಿದ್ದ. ಒಲೆಯೂ ಇಲ್ಲ, ಎಸರೂ ಇಲ್ಲ. ಸಾತಪ್ಪನ ಹೆಂಡತಿ ಹತ್ತಕ್ಕೆ ಕಟ್ಟೆಗೆ ಬರುವವಳಿದ್ದಳು. ಕೂಸು ತೊಡೆಯ ಮೇಲೆ ನಿದ್ದೆ ಹೋದ ಮೇಲೆ ಅಲ್ಮಾಸ ಮೆಲ್ಲಗೆ ಪೆನ್ಸಿಲು ತೆಗೆದು ಬಸ್ಸಿನ ತಿಕೀಟಿನ ಬೆನ್ನಿಗೆ ಬರೆದಳು. ಬಸ್ಸು ಕುಣಿಯುತ್ತಿತ್ತು, ಅಕ್ಷರಗಳೂ ಕುಣಿದವು. ಜತ್ತ ಮುಟ್ಟುವ ಮೊದಲೇ ಮನೆಗೆ ಫೋನು ಹಚ್ಚಿದಳು.

“ಅಮ್ಮಾ, ಕೇಳ್ರಿ. ಜತ್ತದ ಬಸ್ಸಿಗೆ ಗದ್ದಲ ಭಾಳ, ರೊಟ್ಟಿಗೆ ಬೇಕು ತುಪ್ಪ...”

“ಏನ ತಪ್ಪ?”

“ತುಪ್ಪ, ತುಪ್ಪ! ಟವೆಲ್ ಒಗದು ಸೀಟ ಹಿಡೀತಾರ ನಮ್ಮ ಮನಿ ಸಾತಪ್ಪ!”

ಬಸ್ಸಿನ ಸದ್ದಿಗೆ ಮೂರು ಸಲ ಕೂಗಿ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಇಡೀ ಬಸ್ಸಿಗೆ ಬಾಯಿಪಾಠವಾಗಿತ್ತು. ಹಿಂದಿನ ಸೀಟಿನ ಮುದುಕಿ ಮುಂದೆ ಬಾಗಿ, “ನನ್ನ ಗಂಡಂದು ಬಸಪ್ಪ ಅಂತ ಐತಿ ತಂಗಿ. ಇದ ನಡೀತದಲ್ಲ?” ಎಂದು ಕೇಳಿದಳು.

“ನಡೀತದ ಅಜ್ಜಿ.”

“ಅಂವ ಸೀಟ ಹಿಡದ ಮ್ಯಾಲ ತಾನ ಕುಂದ್ರತಾನ. ಇರಲಿ ಬಿಡು.”

ಜ್ವರ ಎರಡು ದಿನಕ್ಕೆ ಇಳಿಯಿತು. ಒಡಪ ನಿಲ್ಲಲಿಲ್ಲ. ಆಸೀಮ ಚೇಷ್ಟೆ ಮಾಡುವುದನ್ನು ಕಡಿಮೆ ಮಾಡಿದ. ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತರೆ ಕೂಸನ್ನು ತಾನಾಗಿಯೇ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದ. ಅದನ್ನು ಅವನು ಹೇಳಿ ಮಾಡಲಿಲ್ಲ, ಅವಳೂ ಕೇಳಿ ಮಾಡಿಸಲಿಲ್ಲ.

ಗಡಿಬಿಡಿಯಾದದ್ದು ಇಪ್ಪತ್ತು, ಇಪ್ಪತ್ತೊಂದನೆಯ ದಿನ. ಅಮೋಘಸಿದ್ದ ದೇವರಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಓಣಿಗಿಬ್ಬರು ಅಮೋಘಸಿದ್ದಪ್ಪ ಇದ್ದೇ ಇರುತ್ತಾರೆ. ಒಬ್ಬ ಅಮೋಘಸಿದ್ದಪ್ಪ ಕುರಿ ಕಾಯುವವನು, ಅವನ ಹೆಂಡತಿ ಅಕ್ಕವ್ವ. ಇನ್ನೊಬ್ಬ ಅಮೋಘಸಿದ್ದಪ್ಪ ಕನ್ನಡ ಶಾಲೆಯ ಮಾಸ್ತರ, ಅವನ ಹೆಂಡತಿ ಸುನಿತಾ. ಇಬ್ಬರಿಗೂ ಶುಕ್ರವಾರ ಅದೇ ಓಣಿಯ ಶೀತಲಳ ಕುಬಸಕ್ಕೆ ಒಡಪ ಬೇಕು. ಅಲ್ಮಾಸ ಎರಡು ದಿನ ಎರಡು ಚೀಟಿ ಬರೆದಳು. ಅಕ್ಕವ್ವ ಮೊದಲ ದಿನ ಬರಲಿಲ್ಲ, ಮರಿ ಹಾಕಿದ ಕುರಿಯ ಹತ್ತಿರ ನಿಲ್ಲಬೇಕಾಯಿತಂತೆ. ಅವಳ ಚೀಟಿ ಡಬ್ಬಿಯಲ್ಲೇ ಉಳಿಯಿತು. ಮರುದಿನ ಇಬ್ಬರೂ ಒಟ್ಟಿಗೆ ಬಂದರು. ಅಲ್ಮಾಸ ನೀರಿಗೆ ಹೋಗಿದ್ದಳು. ದಾವಲಬಿ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮಗನಿಗೆ ಚೀಟಿ ತೋರಿಸಿದಳು, “ಇದು ಯಾರ ಹೆಸರಿಂದು?”

“ಅಮೋಘಸಿದ್ದಪ್ಪ.”

“ಇದು?”

“ಇದೂ ಅಮೋಘಸಿದ್ದಪ್ಪನ.”

“ಹಂಗಾದ್ರ ಯಾವದು ಕೊಟ್ರೇನು,” ಅಂದುಕೊಂಡು ದಾವಲಬಿ ಕೈಗೆ ಬಂದದ್ದನ್ನು ಕೈಗೆ ಬಂದ ಬಳೆಗೆ ಸುತ್ತಿದಳು.

ಶುಕ್ರವಾರ ಶೀತಲಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳು ತಿಂಗಳ ಬಸುರಿ ಶೀತಲ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ದಾವಲಬಿ ಅವಳ ಎರಡೂ ಕೈತುಂಬ ಹಸಿರು ಬಳೆ ಇಡಿಸಿದ್ದಳು. ಅಲ್ಮಾಸ ಯಾಸ್ಮಿನಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೆ ಒರಗಿದ್ದಳು. ಇಪ್ಪತ್ತೆರಡು ದಿನ ಬರೆದಿದ್ದಳು, ಆದರೆ ತುಂಬಿದ ಮನೆಯಲ್ಲಿ ತನ್ನ ಸಾಲು ಕೇಳುವುದು ಇದೇ ಮೊದಲು.

ಮಾಸ್ತರರ ಹೆಂಡತಿ ಸುನಿತಾ ಎದ್ದಳು. ಚೀಟಿ ನೋಡದೆ, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದಳು:

ನೂರು ಕುರಿ ಎಣಸತಾರ, ಒಂದೂ ತಪ್ಪಂಗಿಲ್ಲ,
ಅಮೋಘಸಿದ್ದಪ್ಪನವರಿಗೆ ನನ್ನ ಸೀರಿ ನೆನಪಿರಂಗಿಲ್ಲ.

ಅಲ್ಮಾಸ ತಟ್ಟನೆ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಅದು ಕುರುಬರ ಅಕ್ಕವ್ವನದು! ಮಾಸ್ತರರು ಕುರಿ ಎಣಿಸುವುದೆಂದರೇನು? ಅಷ್ಟರಲ್ಲಿ ಮೂಲೆಯಿಂದ ಯಾರೋ, “ಖರೇ ಐತಿ! ದಿನಾ ಮುಂಜಾನಿ ಸಾಲಿ ಮುಂದ ನಮ್ಮ ಹುಡುಗ್ರನ್ನ ಎಣಸತಾರಲ್ಲ! ಅವೂ ಕುರಿನ!” ಅಂದರು. ಮನೆ ಹಾರಿಹೋಗುವಂತೆ ನಗು. ಹೊರಗೆ ಗಂಡಸರ ನಡುವೆ ಕೂತಿದ್ದ ಮಾಸ್ತರರು ಒಳಗೆ ಇಣುಕಿ ನೋಡಿದರು, ಅವರನ್ನು ಕಂಡು ನಗು ಇನ್ನೂ ಹೆಚ್ಚಿತು.

ಇಂದ್ರಾಬಾಯಿಗೆ ಮಾತ್ರ ವಾಸನೆ ಹತ್ತಿತು. “ತಡೀರೆ. ಕುರಿ ಇರೂದು ಅಕ್ಕವ್ವನ ಮನ್ಯಾಗ. ಚಾಚಿ, ಚೀಟಿ ಅದಲಬದಲ ಆಗ್ಯಾವ! ಇವತ್ತಿಗೆ ಮಾತು ತಪ್ಪಿತು. ಪೆಟ್ಟಿಗಿ ಮುಚ್ಚಸ್ರಿ!”

ಅವಳು ನಗುತ್ತಲೇ ಅಂದದ್ದು. ಆದರೆ ದಾವಲಬಿಯ ಮುಖದ ನಗು ಹೋಯಿತು. ಅವಳ ಕೈ ತಾನಾಗಿಯೇ ಪೆಟ್ಟಿಗೆಯ ಮುಚ್ಚಳದ ಮೇಲೆ ಹೋಗಿ ಕೂತಿತು.

“ಯಾರ ಹೇಳಿದ್ರು ತಪ್ಪೇತಿ ಅಂತ?” ಅಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಅಕ್ಕವ್ವನಿಗೂ ಅಕ್ಷರ ಬಾರದು. ಮಗಳು ಓದಿ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಅವಳ ಚೀಟಿಯಲ್ಲಿ ಮಾಸ್ತರರ ಒಡಪವಿದೆ, ‘ಸಾಲಿ ಗಂಟಿ ಹೊಡದ್ರ ಹುಡುಗ್ರೆಲ್ಲಾ ಚುಪ್ಪ’ ಎಂದು ಶುರುವಾಗುತ್ತದೆ. ಅಲ್ಮಾಸ ಕಣ್ಣು ಮುಚ್ಚಿದಳು. ಅಕ್ಕವ್ವ ಒಂದು ಗಳಿಗೆ ಚಾವಣಿ ನೋಡಿ, ಕುರಿಗಳನ್ನು ಕರೆಯುವ ದನಿಯಲ್ಲೇ ಹೇಳಿದಳು:

ಹೋತಿನ ಕೊರಳ ಗಂಟಿಗೆ ಹಿಂಡೆಲ್ಲಾ ಚುಪ್ಪ,
ಮನ್ಯಾಗ ನಾ ಗದರಿದ್ರ ಚುಪ್ಪ ಅಮೋಘಸಿದ್ದಪ್ಪ!

ಈಗ ಹೊರಗಿನ ಗಂಡಸರೂ ನಕ್ಕರು. ಮಣೆಯ ಮೇಲಿದ್ದ ಶೀತಲ ಹೊಟ್ಟೆ ಹಿಡಿದುಕೊಂಡು, “ನಗಸಬ್ಯಾಡ್ರೆ, ಕೂಸು ಒದಿಯಾಕತ್ತೇತಿ,” ಅಂದಳು.

“ಈಗ ಹೇಳ ಇಂದ್ರಾ,” ಅಂದಳು ಅಕ್ಕವ್ವ, “ಇವೆರಡನ್ನೂ ನೀ ಎಲ್ಯರ ಕೇಳಿದ್ಯಾ? ಮೊಬೈಲಿನ್ಯಾಗ ಐತೇನು? ಹೊಸಾವು ಹೌದಲ್ಲ? ಹಂಗಾದ್ರ ಮಾತು ಹ್ಯಾಂಗ ತಪ್ಪಿತು?”

ಇಂದ್ರಾಬಾಯಿ ಕೈ ಎತ್ತಿ ಮುಗಿದಳು. “ಸೋತೆ ಯವ್ವಾ. ಪೆಟ್ಟಿಗಿ ತಗೀ ಚಾಚಿ, ನನಗೊಂದ ಡಜನ್ ಹಾಕು.”

ಮನೆಗೆ ನಡೆದು ಬರುವಾಗ ದಾವಲಬಿ, “ಅಕ್ಕವ್ವ ಮಾಡಿದ್ದು ನೋಡಿದ್ಯಾ? ನಿನ್ನ ಸಾಲು ತಗೊಂಡು ತನ್ನ ಕೈ ಅಳತಿಗೆ ಮಾಡಕೊಂಡ್ಳು,” ಅಂದಳು. ಅಲ್ಮಾಸಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಮರುದಿನದ ಒಡಪ ಅಲ್ಲೇ ದಾರಿಯಲ್ಲೇ ಅರ್ಧ ಹುಟ್ಟಿತು.

ಇಪ್ಪತ್ತೊಂಬತ್ತನೆಯ ದಿನ ಸಂಜೆ ದಾವಲಬಿ ಯಾವ ಹೆಸರೂ ತರದೆ ಬಂದಳು.

“ನಾಳಿ ಅಮಾಸಿ. ಯಾರೂ ಹೊಸಾ ಬಳಿ ಇಡಂಗಿಲ್ಲ. ಬಂದವರಿಲ್ಲಂದ್ರ ಮಾತು ತಪ್ಪಿದಂಗೂ ಅಲ್ಲ. ಗೆದ್ದಿ ಬೇಟಿ. ನಾಳಿ ಆರಾಮ ಏಳು.”

ಅಲ್ಮಾಸಳಿಗೆ ಖುಷಿಯಾಯಿತು. ಆದರೆ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಎಸರು ಇಟ್ಟಳು. ಕೈ ಗುಲಾಬಿ ಕಾಗದಕ್ಕೆ ಹೋಯಿತು. ಬರೆಯದಿದ್ದರೆ ಇವತ್ತು ಯಾರೂ ಕೇಳುವವರಿಲ್ಲ. ಅಷ್ಟೇ ಅಲ್ಲ, ಬರೆದರೂ ಯಾರೂ ಕೇಳುವವರಿಲ್ಲ. ಇದನ್ನು ತಾನೊಬ್ಬಳೇ ಬಲ್ಲಳು: ಇಪ್ಪತ್ತೊಂಬತ್ತು ದಿನ ಅತ್ತೆಯ ಮಾತಿಗೆ ಬರೆದಳು, ಮೂವತ್ತನೆಯದನ್ನು ಯಾರ ಮಾತಿಗೂ ಬರೆಯಬೇಕಾಗಿಲ್ಲ. ಆದರೂ ಪೆನ್ಸಿಲು ಬೆರಳ ನಡುವೆ ಬಂದಾಗಿತ್ತು. ಒಂದೇ ತೊಡಕು. ಹೆಸರಿಲ್ಲದೆ ಒಡಪ ಕಟ್ಟುವುದು ಹೇಗೆ?

ಅಷ್ಟರಲ್ಲಿ ಅಂಗಳದಿಂದ ದಾವಲಬಿಯ ಕೂಗು. “ಕೇಳಸ್ತೇನ್ರಿ? ಆಸೀಮನ ಅಪ್ಪಾ! ಪೆಟ್ಟಿಗಿ ಬಿಸಲಿಗೆ ಇಡಬ್ಯಾಡ್ರಿ!”

ಆಸೀಮನ ಅಪ್ಪ ಎಂದರೆ ಅಲ್ಮಾಸಳ ಮಾವ ಸುಭಾನ. ವಿಜಯಪುರದಿಂದ ಬಳೆ ತರುವವನು, ಊರೂರಿಗೆ ಪೆಟ್ಟಿಗೆ ಹೊರುವವನು, ಮಾತು ಕಡಿಮೆ. ಆರು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಅವನ ಹೆಸರನ್ನು ಅಲ್ಮಾಸ ಒಮ್ಮೆಯೂ ಕೇಳಿರಲಿಲ್ಲ. ಊರಿನ ಹೆಂಗಸರಿಂದೆಲ್ಲ ಗಂಡನ ಹೆಸರು ಹೇಳಿಸಿದವಳು ತಾನು ಹೇಳಿಯೇ ಇರಲಿಲ್ಲ. ನೀರು ಕುದಿಯತೊಡಗಿತ್ತು. ಅಲ್ಮಾಸ ಬೇಗ ಬೇಗ ಎರಡು ಸಾಲು ಗೀಚಿ, ಕಾಗದ ಹಿಡಿದುಕೊಂಡು ಹೊರಗೆ ಬಂದಳು.

ಹಾಲು ಕೊಡಲು ಬಂದ ಅಕ್ಕವ್ವ ಅಂಗಳದಲ್ಲೇ ಇದ್ದಳು. ಅಲ್ಮಾಸ ಓದಿದಳು:

ಕಲ್ಲ ದಾರ್ಯಾಗ ಬಳಿ ಪೆಟ್ಟಿಗಿ ಹೊತ್ತಾರ ಜ್ವಾಪಾನ,
ಒಂದ ಬಳಿ ಒಡೀಲಾರದಾಂಗ ನನ್ನ ನಡಸ್ಯಾರ ಸುಭಾನ.

“ಹೇಳ್ರಿ ಅಮ್ಮಾ. ಇದು ನಿಮ್ಮದು.”

“ಛೀ! ಈ ವಯಸ್ಸಿನ್ಯಾಗ?” ದಾವಲಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕವ್ವ ಹಾಲಿನ ಚರಗಿ ಕೆಳಗಿಟ್ಟು, “ಹೇಳಿದ್ರ ಹಾಲು, ಇಲ್ಲಂದ್ರ ಕರೇ ಚಾ,” ಎಂದು ಕಟ್ಟೆಯ ಮೇಲೆ ಕೂತೇಬಿಟ್ಟಳು. ಸುಭಾನ ಪೆಟ್ಟಿಗೆಯ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತ್ತು.

ದಾವಲಬಿ ಮೊದಲ ಸಾಲು ಹೇಳಿದಳು. ಎರಡನೆಯದಕ್ಕೆ ಬಂದು ನಿಂತಳು.

“ಇದು ಸುಳ್ಳು. ಒಂದೂ ಒಡದಿಲ್ಲ ಅಂದ್ರ ಹ್ಯಾಂಗ? ಹ್ವಾದ ಉಗಾದಿಗೆ ಎರಡ ಡಜನ್ ಒಡಕೊಂಡ ಬಂದಾರ.” ಆಮೇಲೆ ನೆಲ ನೋಡುತ್ತಾ, ತನ್ನದೇ ಅಳತೆಗೆ ಮಾಡಿಕೊಂಡು ಹೇಳಿದಳು: “ಎರಡ ಡಜನ್ ಒಡದ ಬಂದ್ರೂ ನನಗ ಚಲೋನ ನಮ್ಮ ಸುಭಾನ.”

ಅಂಗಳದಲ್ಲಿ ಯಾರೂ ನಗಲಿಲ್ಲ. ಸುಭಾನ ನಿಧಾನಕ್ಕೆ ಹಗ್ಗದ ಗಂಟು ಹಾಕಿ, ಗಂಟಲು ಸರಿಮಾಡಿಕೊಂಡು ಅಂದ, “ಮೂರ ಡಜನ್.”

ಆಗ ನಕ್ಕರು ನೋಡಿ. ಏನೂ ತಿಳಿಯದ ಯಾಸ್ಮಿನ ಕೂಡ ಚಪ್ಪಾಳೆ ಹೊಡೆದಳು.

ಮರುದಿನ ಶ್ರಾವಣ ಮುಗಿದಿತ್ತು. ದಾವಲಬಿ ಪೆಟ್ಟಿಗೆ ತೆಗೆದುಕೊಂಡು ಹೊಸ್ತಿಲು ದಾಟುವಾಗ ಎದುರು ಮನೆಯಿಂದ ಒಬ್ಬಳು ಕೂಗಿದಳು, “ಚಾಚಿ, ಗಣಪತಿ ಹಬ್ಬಕ್ಕ ನನ್ನ ತಂಗಿ ಬರಾಕತ್ತಾಳ. ಒಡಪ ಕೊಡತೀರೋ, ಅಂಗಡಿ ಬಂದ್ ಮಾಡೀರೋ?”

ದಾವಲಬಿ ತಿರುಗಿ ಅಡುಗೆಮನೆಯ ಕಡೆ ನೋಡಿದಳು.

“ಏನ ಹೇಳ್ಲಿ ಬೇಟಿ?”

ಅಲ್ಮಾಸ ಒಳಗಿನಿಂದಲೇ, “ಹೂಂ ಅನ್ರಿ,” ಅಂದಳು. “ತಂಗಿ ಗಂಡನ ಹೆಸರ ಕೇಳಕೊಂಡ ಬರ್ರಿ.”

“ಆಯಿತವಾರಕ್ಕೊಮ್ಮೆ ಸುಟ್ಟಿ ಇಡೂಣೇನು? ನಿನಗೂ ದಣಿವಾಗತೈತಿ.”

ಅಲ್ಮಾಸ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು, ಕಿವಿಯ ಮೇಲೆ ಪೆನ್ಸಿಲು. ಒಂದು ಗಳಿಗೆ ಯೋಚಿಸಿದಳು. ರಜೆ ಎಂಬ ಮಾತು ಬಹಳ ಸವಿಯಾಗಿಯೇ ಇತ್ತು.

“ಸುಟ್ಟಿ ಬ್ಯಾಡ್ರಿ ಅಮ್ಮಾ,” ಅಂದಳು. “ಆಯಿತವಾರ ಬಿಟ್ರ ಸೋಮವಾರ ಮತ್ತ ಡಬ್ಬಿ ತಿಕ್ಕಬೇಕಾಗತೈತಿ.”